ನನ್ನ ಹಿತ್ತಲಿನ ಹಬೆಯ ಬಗ್ಗೆ ಬಡಾವಣೆಯ ಸಂಘಕ್ಕೊಂದು ಬಹಿರಂಗ ಪತ್ರ

ಮೈಸೂರು
ಫೆಬ್ರವರಿ, ಎಲೆ ಉದುರುವ ಕಾಲ

ಗೆ,
ಅಧ್ಯಕ್ಷರು ಮತ್ತು ಪದಾಧಿಕಾರಿಗಳು,
ನಮ್ಮ ಬಡಾವಣೆಯ ನಿವಾಸಿಗಳ ಸಂಘ,
ಹಾಗೂ ಎಲೆ ಗುಡಿಸಿ ಬೆಂಕಿ ಹಚ್ಚುವ ಎಲ್ಲ ಮೈಸೂರಿನವರಿಗೆ

ಮಾನ್ಯರೇ,

ನಿಮ್ಮ ನೋಟೀಸು ಬಂದು ಹದಿನೈದು ದಿನವಾಯಿತು. ಸಂಘದ ಲೆಟರ್‌ಹೆಡ್‌ನಲ್ಲಿ ಟೈಪು ಮಾಡಿಸಿ, ಕೆಳಗೆ ಮೊಹರು ಒತ್ತಿ, ಗೇಟಿನ ಕಂಬಿಗೆ ಸಿಕ್ಕಿಸಿ ಹೋಗಿದ್ದಿರಿ. "ತಾವು ತಮ್ಮ ಹಿತ್ತಲಿನಲ್ಲಿ ಕಸದ ರಾಶಿ ಹಾಕಿಕೊಂಡಿದ್ದು, ಸದರಿ ರಾಶಿಯಿಂದ ಹೊಗೆ ಮತ್ತು ದುರ್ವಾಸನೆ ಬರುತ್ತಿದ್ದು, ಹಾವು ಹೆಗ್ಗಣಗಳ ಭೀತಿ ಇರುವುದರಿಂದ ಕೂಡಲೇ ತೆರವುಗೊಳಿಸತಕ್ಕದ್ದು." ಒಂದೇ ವಾಕ್ಯದಲ್ಲಿ ಮೂರು ದೂರು. ಹೊಗೆಯ ದೂರು ತಪ್ಪು. ವಾಸನೆಯದು ಮೂರು ವರ್ಷದ ಹಿಂದೆ ನಿಜವಾಗಿತ್ತು. ಹಾವು ಹೆಗ್ಗಣದ ವಿಷಯದಲ್ಲಿ ನೀವೂ ಅರ್ಧ ಸರಿ, ನಾನೂ ಅರ್ಧ ಸರಿ. ನಾಲ್ಕು ಸಾಲಿನ ಉತ್ತರ ಬರೆದು ತಿಪ್ಪೆ ಸಾರಿಸಬಹುದಿತ್ತು. ಮಾತು ತಿಪ್ಪೆಯದೇ, ಎಲೆ ಸಿಪ್ಪೆ ಕಳಿಸಿ ನಾನು ಗೊಬ್ಬರ ಮಾಡುವ ರಾಶಿಯದೇ ಆದ್ದರಿಂದ ಬಿಡಿಸಿ ಹೇಳುವುದೇ ಮೇಲು ಅನ್ನಿಸಿತು.

ಮೊದಲು ಹೊಗೆ. ಡಿಸೆಂಬರ್‌ನ ಒಂದು ಬೆಳಿಗ್ಗೆ, ಆರೂವರೆ ಇರಬಹುದು, ಚಾಮುಂಡಿ ಬೆಟ್ಟದ ತಲೆ ಮಂಜಿನಲ್ಲಿ ಮುಚ್ಚಿತ್ತು. ರಾಶಿ ಹಾಕಿ ಐದನೇ ದಿನ, ಮೊದಲ ಸಲ ಮಗುಚುವ ದಿನ. ಮೇಲಿನ ಪದರ ಎಳೆದು ಹಾಕಿ, ಇನ್ನೊಂದು ಚೀಲ ತರಗೆಲೆ ತರೋಣ ಅಂತ ಒಳಗೆ ಹೋದೆ. ಅಷ್ಟರಲ್ಲಿ ಪಕ್ಕದ ತಾರಸಿಯಿಂದ "ಬೆಂಕಿ ಬಿದ್ದಿದೆ ಕಣಮ್ಮಾ, ಬೆಂಕಿ!" ಅಂತ ಕೂಗು. ನಾನು ಓಡಿ ಬರುವುದರೊಳಗೆ ಎರಡು ಬಕೆಟ್ ತಣ್ಣೀರು ಗೋಡೆಯಾಚೆಯಿಂದ ಬಂದು ನನ್ನ ರಾಶಿಯ ನೆತ್ತಿಯ ಮೇಲೆ ಬಿದ್ದಿತ್ತು. ಸುರಿದವರ ಮೇಲೆ ನನಗೆ ಕೋಪವಿಲ್ಲ. ಮನೆ ಉರಿಯುತ್ತಿದೆ ಅಂದುಕೊಂಡು ನಿದ್ದೆಗಣ್ಣಿನಲ್ಲಿ ಬಕೆಟ್ ಹಿಡಿದು ಓಡುವ ನೆರೆಯವರು ಎಲ್ಲರಿಗೂ ಸಿಗುವುದಿಲ್ಲ. ಆದರೆ ಅವರು ಕಂಡದ್ದು ಹಬೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಏಳುತ್ತದಲ್ಲ, ಅದೇ. ಹೊರಗೆ ಹದಿನಾರು ಡಿಗ್ರಿ ಚಳಿ, ರಾಶಿಯ ಹೊಟ್ಟೆಯಲ್ಲಿ ಅರವತ್ತರ ಹತ್ತಿರ ಕಾವು. ಬೇಸಿಗೆಯಲ್ಲಿ ಇದೇ ರಾಶಿ ಬಿಚ್ಚಿದರೆ ನಿಮಗೆ ಏನೂ ಕಾಣುತ್ತಿರಲಿಲ್ಲ.

ಬೆಂಕಿಯಿಲ್ಲದೆ ಅಷ್ಟು ಕಾವು ಎಲ್ಲಿಂದ ಅಂತ ಸಂಘದ ಕಾರ್ಯದರ್ಶಿಗಳು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಎಲೆ, ಹುಲ್ಲು, ತರಕಾರಿ ಸಿಪ್ಪೆಯನ್ನು ತಿನ್ನುವ ಕೋಟ್ಯಂತರ ಸೂಕ್ಷ್ಮಜೀವಿಗಳು ಉಸಿರಾಡುತ್ತವೆ. ನಾವು ಓಡಿದರೆ ಮೈ ಬಿಸಿಯಾಗುವ ಹಾಗೆ ಅವುಗಳ ಊಟದಿಂದಲೂ ಬಿಸಿ ಹುಟ್ಟುತ್ತದೆ. ಒಂದು ಬಕೆಟ್ಟಿನಷ್ಟು ಕಸದಲ್ಲಿ ಹುಟ್ಟಿದ ಬಿಸಿ ಸುತ್ತಲಿನ ಗಾಳಿಗೆ ಸೋರಿಹೋಗುತ್ತದೆ. ಮೂರಡಿ ಅಗಲ, ಮೂರಡಿ ಉದ್ದ, ಮೂರಡಿ ಎತ್ತರ ಕಟ್ಟಿದರೆ ಹೊರಗಿನ ಪದರವೇ ಕಂಬಳಿಯಾಗಿ ಒಳಗಿನ ಬಿಸಿ ನಿಲ್ಲುತ್ತದೆ. ಬಾಲ್ಕನಿಯಲ್ಲಿ ಮಡಕೆ ಇಟ್ಟುಕೊಂಡು ಗೊಬ್ಬರ ಮಾಡುವವರ ಮಡಕೆ ಯಾಕೆ ಬೆಚ್ಚಗಾಗುವುದಿಲ್ಲ ಅನ್ನುವುದಕ್ಕೂ ಇದೇ ಕಾರಣ. ಅವರದು ತಪ್ಪಲ್ಲ, ಅದು ನಿಧಾನದ ದಾರಿ. ಮೊದಲ ಒಂದೆರಡು ದಿನ ನಲವತ್ತು ಡಿಗ್ರಿಯವರೆಗೆ ಕೆಲಸ ಮಾಡುವ ಜೀವಿಗಳು ಬೇರೆ. ಅದು ದಾಟಿದ ಮೇಲೆ ಅವು ಹಿಂದೆ ಸರಿದು, ಬಿಸಿಯನ್ನೇ ಇಷ್ಟಪಡುವ ಇನ್ನೊಂದು ತಂಡ ಕೆಲಸ ವಹಿಸಿಕೊಳ್ಳುತ್ತದೆ. 55 ಡಿಗ್ರಿಯ ಮೇಲೆ ಮೂರು ದಿನ ನಿಂತರೆ ರೋಗ ತರುವ ಜೀವಿಗಳಲ್ಲಿ, ಕಳೆಯ ಬೀಜಗಳಲ್ಲಿ ಬಹುಪಾಲು ಸತ್ತುಹೋಗುತ್ತವೆ. 70 ಮುಟ್ಟಿದರೆ ಕೆಲಸಗಾರರೇ ಸಾಯುತ್ತಾರೆ. ಹಾಗಾಗುವ ಮೊದಲು ಮಗುಚಬೇಕು.

ಕಾವು ನೋಡಲು ನನ್ನ ಹತ್ತಿರ ಇರುವುದು ಮಾವನವರ ಕಾಲದ ಹಾರೆ. ರಾಶಿಯ ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆದು, ತುದಿ ಹಿಡಿದು ಐದು ಎಣಿಸುತ್ತೇನೆ. ಐದರವರೆಗೆ ಹಿಡಿಯಲಾಗದಿದ್ದರೆ ಕಾವು ಬಂದಿದೆ ಅಂತ ಲೆಕ್ಕ. ಮಗಳು ಆಮೇಲೆ ಡಯಲ್ ಇರುವ ಉದ್ದ ಕಡ್ಡಿಯ ಥರ್ಮಾಮೀಟರ್ ತರಿಸಿಕೊಟ್ಟಳು. ಹಾರೆ ಹೇಳಿದ ದಿನ ಅದು 62 ತೋರಿಸಿತು. ಈಗ ಅದು ಅಡುಗೆಮನೆಯ ಕಪಾಟಿನಲ್ಲಿದೆ, ಹಾರೆ ಹಿತ್ತಲಿನಲ್ಲೇ ಇದೆ.

ನಮ್ಮಪ್ಪ ಮಂಡ್ಯ ಕಡೆಯ ರೈತರು. ಹೋದ ವರ್ಷ ಬಂದಾಗ ಹಾರೆಯ ತುದಿ ಮುಟ್ಟಿ ಕೈ ಕೊಡವಿ, "ಏನವ್ವಾ, ತಿಪ್ಪೆಗೆ ಜರ ಬಂದದಾ?" ಅಂದರು. ಊರಿನ ತಿಪ್ಪೆ ಅವರಿಗೆ ಗೊತ್ತು. ಕೊಟ್ಟಿಗೆ ಗುಡಿಸಿದ್ದು, ದನ ತಿಂದು ಬಿಟ್ಟ ಹುಲ್ಲು, ಒಲೆಯ ಬೂದಿ ದಿನಕ್ಕೊಂದು ಮಂಕರಿಯಂತೆ ಬಂದು ಬೀಳುತ್ತಿತ್ತು. ದೀಪಾವಳಿಗೆ ಅಜ್ಜಿ ಅದರ ಮೇಲೊಂದು ದೀಪ ಇಡುತ್ತಿದ್ದಳು. ವರ್ಷ ತುಂಬಿದ ಮೇಲೆ ಗಾಡಿಗೆ ತುಂಬಿ ಹೊಲಕ್ಕೆ. ಆದರೆ ಆ ತಿಪ್ಪೆಗೆ ಕಾವು ಬರುತ್ತಿರಲಿಲ್ಲ, ಬಂದರೂ ನಿಲ್ಲುತ್ತಿರಲಿಲ್ಲ. ದಿನಕ್ಕೊಂದು ಮಂಕರಿ ಹಾಕಿದರೆ ದಿನಕ್ಕೊಂದು ಸೌದೆ ಇಟ್ಟು ಅನ್ನ ಬೇಯಿಸಿದ ಹಾಗೆ. ಅದರಲ್ಲಿ ಕಳೆ ಬೀಜ ಸಾಯುತ್ತಿರಲಿಲ್ಲ. ಬೆರಳು ದಪ್ಪದ ಬಿಳಿ ಗೊಣ್ಣೆಹುಳುಗಳು ಸುರುಳಿ ಸುತ್ತಿ ಮಲಗಿರುತ್ತಿದ್ದವು. ಅವುಗಳಲ್ಲಿ ಕೆಲವು ಕೊಂಬಿನ ದುಂಬಿಯಾಗಿ ಹಾರಿ ತೆಂಗಿನ ಸುಳಿ ಕೊರೆಯುತ್ತಿದ್ದವು. ಗರಿ ಬಿಚ್ಚಿದಾಗ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಮೂಲೆ ಮೂಲೆ ಹೋಗಿರುತ್ತಿತ್ತಲ್ಲ, ಅದರ ಹುಟ್ಟು ಅಲ್ಲಿ. ನಾವೇ ಸಾಕಿ ನಾವೇ ಬೈಯುತ್ತಿದ್ದೆವು.

ಇನ್ನು ವಾಸನೆ. ತಪ್ಪು ಒಪ್ಪಿಕೊಳ್ಳುತ್ತೇನೆ. ಮೂರು ವರ್ಷದ ಹಿಂದೆ, ಕೆಲಸದಿಂದ ನಿವೃತ್ತಿಯಾದ ಹುರುಪಿನಲ್ಲಿ, ಹಿತ್ತಲಿನ ಮೂಲೆಯಲ್ಲಿ ಗುಂಡಿ ತೋಡಿಸಿ ಮನೆಯ ಹಸಿಕಸವನ್ನೆಲ್ಲ ಅದರೊಳಗೆ ಸುರಿದೆ. ಉಳಿದ ಅನ್ನ, ಸಾರಿನ ಗಷ್ಟು, ಹುಳಿ ಬಂದ ದೋಸೆ ಹಿಟ್ಟು, ಎಲ್ಲ. ಒಂದು ಹಿಡಿ ಒಣ ಎಲೆ ಹಾಕಲಿಲ್ಲ. ಮಳೆ ಬಂತು, ಗುಂಡಿಯಲ್ಲಿ ನೀರು ನಿಂತಿತು. ಹತ್ತನೇ ದಿನಕ್ಕೆ ಕೊಳೆತ ಮೊಟ್ಟೆಯ ನಾತ. ಪಕ್ಕದ ಮನೆಯಲ್ಲಿ ಸೀಮಂತ ಇತ್ತು ಆವತ್ತು. ಆ ಮನೆಯವರ ಮುಖ ಇನ್ನೂ ನೆನಪಿದೆ. ಹೆಗ್ಗಣ ಬಂದದ್ದೂ ಆಗಲೇ. ಅನ್ನ ಇದ್ದ ಕಡೆ ಹೆಗ್ಗಣ ಬರದೆ ಇನ್ನೇನು ಬರುತ್ತದೆ? ಹೆಗ್ಗಣದ ಹಿಂದೆ ಕೇರೆಹಾವೂ ಒಂದು ದಿನ ಗೋಡೆ ಹತ್ತಿ ಇಳಿಯಿತು. ನಿಮ್ಮ ನೋಟೀಸು ಆ ವರ್ಷ ಬಂದಿದ್ದರೆ ತಲೆಬಾಗಿ ತೆಗೆದುಕೊಳ್ಳುತ್ತಿದ್ದೆ.

ಆ ಗುಂಡಿ ಮುಚ್ಚಿಸಿದೆ. ಆಮೇಲೆ ಕಲಿತದ್ದಿಷ್ಟು. ಮೊಟ್ಟೆ ಕೊಳೆತ ನಾತ ಬಂದರೆ ಗಾಳಿ ಇಲ್ಲ, ನೀರು ಹೆಚ್ಚಾಗಿದೆ. ಮೂಗಿಗೆ ಚುಚ್ಚುವ ಗಂಜಲದ ಘಾಟು ಬಂದರೆ ಹಸಿ ಹೆಚ್ಚಾಗಿ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತಿದೆ. ಎರಡಕ್ಕೂ ಮದ್ದು ಒಂದೇ: ಒಣ ಎಲೆ ಸೇರಿಸಿ ಮಗುಚುವುದು. ಹದವಾದ ರಾಶಿಗೆ ನಾತ ಇರುವುದಿಲ್ಲ. ಬೆಂದ ಎಲೆಯ, ಸ್ವಲ್ಪ ಹುಲ್ಲು ಬಣವೆಯ ವಾಸನೆ ಇರುತ್ತದೆ, ಅದೂ ಬಗ್ಗಿ ಮೂಗಿಟ್ಟರೆ.

ಈ ಹದದ ಲೆಕ್ಕ ಸ್ವಲ್ಪ ಹೇಳಲೇಬೇಕು. ಸೂಕ್ಷ್ಮಜೀವಿಗಳಿಗೆ ಸಾರಜನಕ ಒಂದು ಪಾಲು ಇದ್ದರೆ ಇಂಗಾಲ ಇಪ್ಪತ್ತೈದರಿಂದ ಮೂವತ್ತು ಪಾಲು ಬೇಕು. ತರಗೆಲೆಯಲ್ಲಿ ಇಂಗಾಲ ನಲವತ್ತರಿಂದ ಎಂಬತ್ತು ಪಾಲಿನವರೆಗೆ ಇರುತ್ತದೆ. ಹಸಿ ಹುಲ್ಲು, ತರಕಾರಿ ಸಿಪ್ಪೆ, ಸಗಣಿಯಲ್ಲಿ ಇಪ್ಪತ್ತರ ಆಚೆ ಈಚೆ. ಮರದ ಹೊಟ್ಟಿನಲ್ಲಿ ಮುನ್ನೂರು ದಾಟುತ್ತದೆ. ಬಡಗಿಯವರು ಪುಕ್ಕಟೆ ಕೊಡುತ್ತಾರೆ ಅಂತ ಚೀಲಗಟ್ಟಲೆ ತಂದು ಸುರಿದರೆ ರಾಶಿ ತಿಂಗಳುಗಟ್ಟಲೆ ಕದಲುವುದಿಲ್ಲ. ನನ್ನ ಅಂದಾಜು ಎರಡು ಮಂಕರಿ ಒಣ ಎಲೆಗೆ ಒಂದು ಮಂಕರಿ ಹಸಿ, ಮೇಲೊಂದಿಷ್ಟು ಸಗಣಿ ನೀರು. ಸಗಣಿ ಕೊಪ್ಪಲಿನ ಹಾಲಿನವರ ಹತ್ತಿರ ಸಿಗುತ್ತದೆ. ಕಾಫಿ ಚರಟ ಪಕ್ಕದ ರಸ್ತೆಯ ಹೋಟೆಲಿನವರು ದಿನಾ ಡಬ್ಬದಲ್ಲಿ ಎತ್ತಿಡುತ್ತಾರೆ. ಕಾಫಿ ಚರಟ ನೋಡಲು ಕಂದು, ಲೆಕ್ಕದಲ್ಲಿ ಹಸಿ. ಮೊದಲ ಸಲ ನಾನು ಅದನ್ನು ಒಣದರ ಜೊತೆ ಎಣಿಸಿ ಮೋಸ ಹೋದೆ. ಕಬ್ಬಿನ ಹಾಲಿನ ಅಂಗಡಿಯ ಸಿಪ್ಪೆ ಒಣದಕ್ಕೆ ಸೇರಿತು. ಅದನ್ನು ಮಚ್ಚಿನಲ್ಲಿ ಗೇಣುದ್ದ ಕಡಿಯದಿದ್ದರೆ ಮಗುಚುವಾಗ ಹಾವಿನ ಹಾಗೆ ಕಾಲಿಗೆ ಸುತ್ತಿಕೊಳ್ಳುತ್ತದೆ.

ನೀರು? ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿದರೆ ಒಂದೆರಡು ಹನಿ ತೊಟ್ಟಿಕ್ಕಬೇಕು. ಧಾರೆ ಇಳಿದರೆ ಹೆಚ್ಚು, ಕೈ ಒಣಗೇ ಇದ್ದರೆ ಕಡಿಮೆ. ಮಳೆಗಾಲದಲ್ಲಿ ಮೇಲೆ ಹೊದಿಸಲು ಫ್ಲೆಕ್ಸ್ ಬಳಸುತ್ತೇನೆ. ಹೋದ ಚುನಾವಣೆಯದು ಒಂದಿದೆ. ಮುಖಗಳು ಒಳಮೈಗೆ ಬರುವ ಹಾಗೆ ಮಗುಚಿ ಹಾಕಿದ್ದೇನೆ. ಪಕ್ಷಪಾತ ಇಲ್ಲ, ಬಿಳಿ ಮೈ ಬಿಸಿಲಿಗೆ ಒಳ್ಳೆಯದು ಅಷ್ಟೆ.

ಎಲೆಗಳಲ್ಲೂ ಜಾತಿ ಇದೆ, ಇದನ್ನು ನಮ್ಮ ರಸ್ತೆಯ ಮರಗಳೇ ನನಗೆ ಕಲಿಸಿದವು. ಮಳೆಮರದ ಎಲೆ ಚಿಕ್ಕದು, ಒಂದರ ಮೇಲೊಂದು ಅಂಟಿ ಕೂರುವುದಿಲ್ಲ, ಗಾಳಿ ಆಡುತ್ತದೆ. ಅದಕ್ಕಿಂತ ಒಳ್ಳೆಯ ಎಲೆ ನನಗೆ ಸಿಕ್ಕಿಲ್ಲ. ಹಳದಿ ಗುಲ್‌ಮೊಹರಿನದೂ ಹಾಗೆಯೇ. ಹೊಂಗೆ ಬೇಗ ಕಳಿಯುತ್ತದೆ, ಅದು ಬೇಳೆಕಾಳಿನ ಕುಲದ ಮರ, ಎಲೆಯಲ್ಲೇ ಒಂದಿಷ್ಟು ಸಾರಜನಕ ಇಟ್ಟುಕೊಂಡಿರುತ್ತದೆ. ಮಾವು, ಹಲಸು ಚರ್ಮದ ಹಾಗೆ. ಚೂರು ಮಾಡದೆ ಹಾಕಿದರೆ ಎರಡನೇ ಮಗುಚಿಗೂ ಹಾಗೇ ಇರುತ್ತವೆ. ತೇಗದ ಎಲೆ ಒದ್ದೆಯಾದರೆ ಊಟದೆಲೆಯ ಹಾಗೆ ಪದರ ಪದರ ಕೂತು ನೀರನ್ನೂ ಗಾಳಿಯನ್ನೂ ತಡೆಯುತ್ತದೆ. ನೀಲಗಿರಿ ಎಲೆ ನಾನು ಹಾಕುವುದಿಲ್ಲ. ಹೂವು ಕಚ್ಚುವ ಮೊದಲು ಕಿತ್ತ ಪಾರ್ಥೇನಿಯಂ ಹಾಕುತ್ತೇನೆ, ಹೂ ಬಿಟ್ಟದ್ದನ್ನು ಮುಟ್ಟುವುದಿಲ್ಲ. ಕಾವು ಬೀಜ ಸುಡುತ್ತದೆ ನಿಜ, ಅಂಚಿನಲ್ಲಿ ಉಳಿದ ನಾಲ್ಕು ಬೀಜ ಸಾಕು.

ದೇವರ ಹೂವು ಬೇಡ ಅನ್ನುವುದಿಲ್ಲ, ದಾರ ಬಿಚ್ಚಿ ಕೊಡಿ ಅನ್ನುತ್ತೇನೆ. ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆ ದಾರದ ಸಮೇತ ಕರಗುತ್ತದೆ. ನೈಲಾನ್ ದಾರದ ಮಾಲೆ ವರ್ಷ ಬಿಟ್ಟು ಗುದ್ದಲಿಗೆ ಸುತ್ತಿಕೊಂಡು ಮೇಲೆ ಬರುತ್ತದೆ. ಆಯುಧಪೂಜೆ ಕಳೆದ ಮಾರನೇ ದಿನ ನಮ್ಮ ಊರಿನ ರಸ್ತೆ ಹೇಗಿರುತ್ತದೆ ಅಂತ ನಿಮಗೆ ಗೊತ್ತು: ಒಡೆದ ಬೂದುಗುಂಬಳ, ಬಾಳೆಕಂದು, ಮಾವಿನ ಸೊಪ್ಪು. ಆವತ್ತು ನಾನು ಕೈಗಾಡಿ ತೆಗೆದುಕೊಂಡು ಮೂರು ರಸ್ತೆ ಸುತ್ತುತ್ತೇನೆ. ಬೂದುಗುಂಬಳದಲ್ಲಿ ನೀರೇ ಹೆಚ್ಚು, ಆದ್ದರಿಂದ ದುಪ್ಪಟ್ಟು ಎಲೆ ಬೇಕು. ಈ ಸಲ ಗೊಬ್ಬರ ಜರಡಿ ಹಿಡಿಯುವಾಗ ಹದಿನಾಲ್ಕು ರೂಪಾಯಿ ಚಿಲ್ಲರೆ ಸಿಕ್ಕಿತು. ಕಾಯಿಯೊಳಗೆ ಕಾಸು ಇಟ್ಟು ಒಡೆದವರು ಯಾರಾದರೂ ಬಂದರೆ ಕೊಡುತ್ತೇನೆ.

ಮೀನು ಮಾಂಸ, ಎಣ್ಣೆ ಪದಾರ್ಥ, ಉಳಿದ ಅನ್ನ ಈಗ ನನ್ನ ರಾಶಿಗೆ ಹೋಗುವುದಿಲ್ಲ. ನಾಯಿ ಬೆಕ್ಕಿನ ಹೇಲು ಹೋಗುವುದಿಲ್ಲ, ಅದರಲ್ಲಿ ಹುಳದ ಮೊಟ್ಟೆ ಇರಬಹುದು. ಸೊರಗು ರೋಗ ಬಂದ ಟೊಮೆಟೊ ಗಿಡ ಹೋಗುವುದಿಲ್ಲ. ಹೀಗಾಗಿ ಹೆಗ್ಗಣಕ್ಕೆ ಅಲ್ಲಿ ತಿನ್ನಲು ಏನೂ ಇಲ್ಲ. ಅರವತ್ತು ಡಿಗ್ರಿಯ ಹೊಟ್ಟೆಯಲ್ಲಿ ಯಾವ ಹಾವೂ ಮಲಗುವುದಿಲ್ಲ. ಕಾವು ಇಳಿದು ತಿಂಗಳುಗಟ್ಟಲೆ ಕದಲಿಸದೆ ಬಿಟ್ಟ ರಾಶಿಯಾದರೆ ಬರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅದಕ್ಕೇ ನೀವೂ ಅರ್ಧ ಸರಿ ಅಂದದ್ದು.

ಮಗುಚುವುದು ಇಲ್ಲಿನ ನಿಜವಾದ ಕೆಲಸ, ಸೊಂಟಕ್ಕೆ ಗೊತ್ತು. ಅಂಚಿನದು ನಡುವಿಗೆ, ನಡುವಿನದು ಅಂಚಿಗೆ. ಹೊರಮೈಯಲ್ಲಿರುವ ಎಲೆಗೆ ಕಾವು ತಾಗಿರುವುದಿಲ್ಲ, ಒಳಗೆ ಗಾಳಿ ಮುಗಿದಿರುತ್ತದೆ. ಜಾಗ ಬದಲಾಯಿಸಿದರೆ ಎರಡೂ ಸರಿಹೋಗುತ್ತದೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಕ್ರಮವೊಂದಿದೆ: ನಾಲ್ಕು ದಿನ ಬಿಟ್ಟು ಮೊದಲ ಮಗುಚು, ಆಮೇಲೆ ದಿನ ಬಿಟ್ಟು ದಿನ, ಹದಿನೆಂಟನೇ ದಿನಕ್ಕೆ ಗೊಬ್ಬರ ಸಿದ್ಧ. ನನ್ನ ಹಿತ್ತಲಿನಲ್ಲಿ ಹದಿನೆಂಟು ದಿನಕ್ಕೆ ಯಾವತ್ತೂ ಆಗಿಲ್ಲ. ವಾರಕ್ಕೆರಡು ಸಲ ಮಗುಚುವ ನನ್ನ ಶಕ್ತಿಗೆ ಮೂವತ್ತೈದು ದಿನ, ಮೇಲೆ ಮೂರು ವಾರ ನೆರಳಿನಲ್ಲಿ ಆರಲು. ಮೂರಡಿಯ ರಾಶಿ ಅಷ್ಟರಲ್ಲಿ ಒಂದೂವರೆ ಅಡಿಗೆ ಕುಸಿದಿರುತ್ತದೆ. ಒಳಗೆ ಬೂದಿ ಚೆಲ್ಲಿದ ಹಾಗೆ ಬಿಳಿ ಎಳೆ ಕಂಡರೆ ಹೆದರಬೇಡಿ. ಮೊದಲ ಮಳೆಗೆ ಮಣ್ಣು ಘಮ್ಮೆನ್ನುತ್ತದಲ್ಲ, ಆ ವಾಸನೆ ಕೊಡುವ ಜೀವಿಗಳ ಬಳಗವೇ ಅದು.

ಇಲ್ಲೊಂದು ವಿಷಯ ಹೇಳದೆ ಮುಂದೆ ಹೋಗಲಾರೆ, ಮೈಸೂರಿನವಳಾಗಿ ಸ್ವಲ್ಪ ಹೊಟ್ಟೆಕಿಚ್ಚೂ ಇದೆ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳಲ್ಲಿ ನಾವು ಮೊದಲಿಗರು. ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕ ನೋಡಲು ಬೇರೆ ಊರುಗಳಿಂದ ಜನ ಬರುತ್ತಿದ್ದರು. 2017ರಲ್ಲಿ ಆ ಪಟ್ಟವನ್ನು ಇಂದೋರ್ ಹೊತ್ತುಕೊಂಡು ಹೋಯಿತು, ಮುಂದೆ ವರ್ಷ ವರ್ಷ ಅದನ್ನು ಬಿಟ್ಟುಕೊಡಲಿಲ್ಲ. ಅದೇ ಇಂದೋರಿನಲ್ಲಿ 1924ರಿಂದ 1931ರವರೆಗೆ ಆಲ್ಬರ್ಟ್ ಹೋವರ್ಡ್ ಎಂಬ ಇಂಗ್ಲಿಷ್ ಕೃಷಿ ವಿಜ್ಞಾನಿ, ಯಶವಂತ ವಾಡ್ ಅವರ ಜೊತೆ ಸೇರಿ, ನಮ್ಮ ರೈತರ ತಿಪ್ಪೆಯನ್ನು ನೋಡಿ, ಪದರ ಹಾಕಿ ಮಗುಚಿ ಕಾವು ಬರಿಸುವ ಕ್ರಮವನ್ನು ಅಚ್ಚುಕಟ್ಟು ಮಾಡಿದರು. ಅದಕ್ಕೆ ಇಂದೋರ್ ಪದ್ಧತಿ ಅಂತಲೇ ಹೆಸರು. ನಮ್ಮಲ್ಲೂ ಒಂದಿದೆ: 1939ರಲ್ಲಿ ಬೆಂಗಳೂರಿನಲ್ಲಿ ಸಿ. ಎನ್. ಆಚಾರ್ಯ ರೂಪಿಸಿದ ಬೆಂಗಳೂರು ಪದ್ಧತಿ. ಗುಂಡಿಯಲ್ಲಿ ಕಸವನ್ನೂ ಮಲವನ್ನೂ ಪದರ ಹಾಕಿ, ಮೊದಲ ವಾರದ ಕಾವು ಬಂದ ಮೇಲೆ ಮಣ್ಣಿನಿಂದ ಮೆತ್ತಿ ಮುಚ್ಚಿ, ಆರೆಂಟು ತಿಂಗಳು ಬಿಡುವುದು. ಮಗುಚುವ ಕೆಲಸವಿಲ್ಲ, ಪುರಸಭೆಗಳಿಗೆ ಸಲೀಸು. ಆದರೆ ಮನೆಯ ಹಿತ್ತಲಿಗೆ ಇಂದೋರಿನದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಮೈಸೂರು ಪಾಕ್ ಕೊಟ್ಟು ಇದನ್ನು ಕಲಿತುಬಂದರೂ ನಷ್ಟವಿಲ್ಲ.

ಗೊಬ್ಬರ ಏನಾಗುತ್ತದೆ ಅಂತ ಕೇಳಿದವರೂ ಇದ್ದಾರೆ. ಈರನಗೆರೆ ಬದನೆ ಆರು ಗಿಡ ಇವೆ. ಪಾತಿಯ ಮೇಲೆ ಎರಡು ಬೆರಳು ದಪ್ಪ ಹರಡುತ್ತೇನೆ, ಬುಡಕ್ಕೆ ತಾಗಿಸುವುದಿಲ್ಲ, ಮೇಲೆ ತರಗೆಲೆ ಹೊದಿಸುತ್ತೇನೆ. ಅಗೆದು ಮಣ್ಣಿಗೆ ಬೆರೆಸುವ ಗೋಜಿಗೆ ಹೋಗುವುದಿಲ್ಲ, ಎರೆಹುಳು ಆ ಕೆಲಸ ಮಾಡುತ್ತದೆ. ನಮ್ಮ ಕೆಂಪುಮಣ್ಣು ಬಿಸಿಲಿಗೆ ಇಟ್ಟಿಗೆಯಾಗುತ್ತಿತ್ತು. ಈಗ ಮಾರ್ಚ್‌ನಲ್ಲೂ ಬೆರಳು ಇಳಿಯುತ್ತದೆ, ಎರಡು ದಿನಕ್ಕೊಮ್ಮೆ ನೀರು ಹಾಕಿದರೆ ಸಾಕು. ಕುಂಡಗಳಿಗೆ ಮೂರು ಪಾಲು ಮಣ್ಣಿಗೆ ಒಂದು ಪಾಲು. ಪೂರ್ತಿ ಗೊಬ್ಬರವನ್ನೇ ತುಂಬಿ ಮಲ್ಲಿಗೆ ನೆಟ್ಟವರು ಇದ್ದಾರೆ. ಅದು ಕುಸಿದು ಕುಸಿದು ಗಿಡ ಕುಂಡದೊಳಗೆ ಮುಳುಗಿಹೋಯಿತು.

ಇನ್ನೊಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ, ಇದು ನಿಮ್ಮ ನೋಟೀಸಿನಲ್ಲಿ ಇಲ್ಲ. ಹೋದ ವರ್ಷ ಎದುರುಮನೆಯ ಅಜ್ಜಿ "ನನ್ನ ಗುಲಾಬಿಗೂ ಒಂದು ಬುಟ್ಟಿ ಕೊಡೇ" ಅಂದರು. ಇಲ್ಲ ಅನ್ನಲಾರದೆ ಇನ್ನೂ ಆರದ, ಬೆಚ್ಚಗಿದ್ದ ಗೊಬ್ಬರ ಕೊಟ್ಟೆ. ಎಂಟು ದಿನಕ್ಕೆ ಗುಲಾಬಿಯ ಎಲೆ ಹಳದಿ ತಿರುಗಿ ಉದುರಿತು. ಅರ್ಧ ಕಳಿತ ಗೊಬ್ಬರ ಗಿಡಕ್ಕೆ ಕೊಡುವ ಬದಲು ಗಿಡದ ಪಾಲಿನ ಸಾರಜನಕವನ್ನೇ ಕಿತ್ತುಕೊಳ್ಳುತ್ತದೆ. ಅಜ್ಜಿ ಇವತ್ತಿಗೂ "ನಿನ್ನ ಗೊಬ್ಬರ ಬೇಡ, ನೀನು ಬೇಕಾದರೆ ಬಾ" ಅನ್ನುತ್ತಾರೆ. ಈಗ ಕೊಡುವ ಮೊದಲು ಎರಡು ಪರೀಕ್ಷೆ ಮಾಡುತ್ತೇನೆ. ಒಂದು ಹಿಡಿಯನ್ನು ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಮೂರು ದಿನ ಇಡುತ್ತೇನೆ; ತೆಗೆದಾಗ ಹುಳಿ ವಾಸನೆ ಬಂದರೆ ಇನ್ನೂ ಆಗಿಲ್ಲ. ಒಂದು ತಟ್ಟೆಯಲ್ಲಿ ಮೆಂತ್ಯ ಬಿತ್ತುತ್ತೇನೆ. ಮೊಳಕೆ ಹಸಿರಾಗಿ ಎದ್ದರೆ ಆಗಿದೆ.

ಈಗ ಈ ಪತ್ರ ಬರೆಯಲು ನಿಜವಾದ ಕಾರಣ. ನನ್ನ ಹಿತ್ತಲಿನ ಹಬೆಗೆ ನೋಟೀಸು ಕೊಟ್ಟ ದಿನವೇ ನಮ್ಮ ಪಾರ್ಕಿನ ಮೂಲೆಯಲ್ಲಿ ಮಳೆಮರದ ಎಲೆ ಗುಡ್ಡೆ ಹಾಕಿ ಬೆಂಕಿ ಇಟ್ಟಿದ್ದರು. ಇಟ್ಟವರನ್ನು ನಾನು ಬೈಯುವುದಿಲ್ಲ. ಬೆಳಿಗ್ಗೆ ಗುಡಿಸುವ ಹೆಂಗಸನ್ನು ಕೇಳಿದೆ. "ಏನು ಮಾಡನಕ್ಕಾ, ಇಷ್ಟು ಎಲೆ ಗಾಡಿಗೆ ಹಾಕಿದ್ರೆ ಬೈತಾರೆ, ಬಿಟ್ಟೋದ್ರೆ ಮನೆಯವ್ರು ಬೈತಾರೆ" ಅಂದಳು. ಅವಳ ಮುಂದೆ ಮೂರನೇ ದಾರಿ ಯಾರೂ ಇಟ್ಟಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೆಳಗಿನ ವಾಕಿಂಗ್‌ಗೆ ಹೋದರೆ ರಸ್ತೆಗೊಂದು ಹೊಗೆ. ಎಲೆಯ ಹೊಗೆಯಲ್ಲಿ ಶ್ವಾಸಕೋಶದ ಆಳಕ್ಕೆ ಇಳಿಯುವ ಸಣ್ಣ ಕಣವೂ ಇದೆ, ಕಾರ್ಬನ್ ಮಾನಾಕ್ಸೈಡೂ ಇದೆ. ದಮ್ಮು ಇರುವವರು ನಮ್ಮ ಸಂಘದಲ್ಲೇ ಎಷ್ಟು ಜನ ಅಂತ ಎಣಿಸಿ. ಎಲೆಯೊಳಗಿದ್ದ ಸಾರಜನಕ ಗಾಳಿಗೆ ಹೋಗುತ್ತದೆ, ಉಳಿಯುವುದು ಒಂದು ಬೊಗಸೆ ಬೂದಿ. ಆಮೇಲೆ ಅದೇ ಪಾರ್ಕಿನ ಗಿಡಗಳಿಗೆ ನರ್ಸರಿಯಿಂದ ಚೀಲದ ಗೊಬ್ಬರ ದುಡ್ಡು ಕೊಟ್ಟು ತರುತ್ತೇವೆ. ಸಂಘದ ಜಮಾಖರ್ಚಿನಲ್ಲಿ ಆ ಬಾಬ್ತು ನಾನೇ ನೋಡಿದ್ದೇನೆ.

ನೀವು ನೋಟೀಸು ಕೊಟ್ಟದ್ದರಿಂದ ಕಾನೂನಿನ ಮಾತು ನಾನೂ ಎತ್ತುತ್ತೇನೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ತೋಟದ ಕಸವನ್ನು ಬೇರೆಯಾಗಿ, ಅವರವರ ಆವರಣದಲ್ಲೇ ಇಟ್ಟುಕೊಂಡು ಸ್ಥಳೀಯ ಸಂಸ್ಥೆ ಹೇಳಿದಂತೆ ವಿಲೇವಾರಿ ಮಾಡಬೇಕು ಅಂದವು. ರಸ್ತೆಯಲ್ಲಿ, ಬಯಲಿನಲ್ಲಿ ಕಸ ಸುಡಬಾರದು ಅಂತಲೂ ಅಂದವು. ಅದೇ ವರ್ಷ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಿನಲ್ಲಿ ಕಸ ಸುಟ್ಟವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟವರಿಗೆ 25,000 ರೂಪಾಯಿ ದಂಡ ಅಂತ ಆದೇಶ ಮಾಡಿತು. ಯಾರಿಗೂ ದಂಡ ಹಾಕಿಸಬೇಕು ಅಂತ ನನಗಿಲ್ಲ. ಎಲೆ ಬೇಕು ಅಷ್ಟೆ.

ನಾನು ಕೇಳುವುದು ಇದು. ಪಾರ್ಕಿನ ಹಿಂಬದಿಯಲ್ಲಿ, ಬೋರ್‌ವೆಲ್ ಶೆಡ್ಡಿನ ಪಕ್ಕ, ಹತ್ತಡಿಗೆ ಐದಡಿ ಜಾಗ ಖಾಲಿ ಬಿದ್ದಿದೆ. ಅಲ್ಲಿ ಬಿದಿರು ತಡಿಕೆಯ ಮೂರು ಮನೆ ಕಟ್ಟಲು ಅನುಮತಿ ಕೊಡಿ. ಒಂದರಲ್ಲಿ ಬರೀ ಎಲೆ ಸಂಗ್ರಹ, ಒಂದರಲ್ಲಿ ಕಾವೇರುತ್ತಿರುವ ರಾಶಿ, ಒಂದರಲ್ಲಿ ಮಗುಚಿ ಹಾಕಿದ್ದು. ಮೂರು ಯಾಕೆಂದರೆ ಎಲೆ ಬೀಳುವುದು ಮೂರು ತಿಂಗಳು, ಅಡುಗೆಮನೆಯ ಹಸಿ ವರ್ಷವಿಡೀ. ಎಲೆ ಕೂಡಿಟ್ಟುಕೊಳ್ಳದಿದ್ದರೆ ಜೂನ್‌ನಲ್ಲಿ ರಾಶಿ ನಾರುತ್ತದೆ, ಆಗ ನೀವು ಮತ್ತೆ ನೋಟೀಸು ಟೈಪು ಮಾಡಿಸಬೇಕಾಗುತ್ತದೆ. ತಡಿಕೆಯ ಖರ್ಚು ನನ್ನದು. ಮಗುಚಲು ನನ್ನ ಜೊತೆ ಇನ್ನಿಬ್ಬರು ಬೇಕು. ಗುಡಿಸುವವರು ಎಲೆಯನ್ನು ಅಲ್ಲಿಗೆ ತಂದು ಹಾಕಿದರೆ ಸಾಕು, ಗಾಡಿಗೂ ಭಾರ ಇಳಿಯುತ್ತದೆ. ಬರುವ ಗೊಬ್ಬರದಲ್ಲಿ ಅರ್ಧ ಪಾರ್ಕಿಗೆ, ಉಳಿದದ್ದು ಎಲೆ ಕೊಟ್ಟ ಮನೆಗಳಿಗೆ. ವಾಸನೆ ಬಂದರೆ, ಹೆಗ್ಗಣ ಕಂಡರೆ, ಆ ವಾರವೇ ಕಿತ್ತುಹಾಕುತ್ತೇನೆ ಅಂತ ಬರೆದುಕೊಡುತ್ತೇನೆ.

ಅನುಮತಿ ಕೊಡುವವರೆಗೆ ಇಷ್ಟಾದರೂ ಮಾಡಿ: ಎಲೆಯನ್ನು ಹಳೆಯ ಅಕ್ಕಿ ಚೀಲಕ್ಕೆ ತುಂಬಿ, ಬಾಯಿ ಕಟ್ಟದೆ, ನಮ್ಮ ಗೇಟಿನ ಹೊರಗೆ ಇಟ್ಟುಹೋಗಿ. ಪ್ಲಾಸ್ಟಿಕ್ ಕವರು, ಗುಟ್ಕಾ ಚೀಟಿ, ನೈಲಾನ್ ದಾರ ಬೇಡ. ಚೀಲ ವಾಪಸು ಬೇಕಾದವರು ಅದರ ಮೇಲೆ ಮನೆ ನಂಬರು ಬರೆಯಿರಿ.

ಮುಂದಿನ ಮಂಗಳವಾರ ಬೆಳಿಗ್ಗೆ ಆರೂವರೆಗೆ ಮಗುಚುತ್ತೇನೆ. ಸಂಘದ ಸಮಿತಿಯವರು ಬಂದು ಹಾರೆ ಮುಟ್ಟಿ ನೋಡಬೇಕು ಅಂತ ವಿನಂತಿ. ಕಾಫಿ ಇರುತ್ತದೆ. ಚರಟ ನನಗೆ ಬಿಟ್ಟುಬಿಡಿ.

ಇಂತಿ,
ಮೂರನೇ ಕ್ರಾಸಿನ ಹಿತ್ತಲಿನವಳು

ಮರೆತ ಮಾತು: ಡಿಸೆಂಬರ್‌ನಲ್ಲಿ ನೀರು ಸುರಿದವರ ನೀಲಿ ಮಗ್ ಬಕೆಟ್ಟಿನ ಜೊತೆ ಬಿದ್ದು ನಮ್ಮ ಹಿತ್ತಲಿನಲ್ಲೇ ಉಳಿದಿದೆ. ರಾಶಿಗೆ ಸಗಣಿ ನೀರು ಚಿಮುಕಿಸಲು ಇಷ್ಟು ದಿನ ಬಳಸಿದೆ, ತೊಳೆದಿಟ್ಟಿದ್ದೇನೆ. ಬೇಕಾದಾಗ ಬಂದು ತೆಗೆದುಕೊಂಡು ಹೋಗಿ.